ದೇಜಪ್ಪನವರ ಕೋಟು, ಭೀಮಪ್ಪನವರ ಕೈ

ಕೊಲ್ಲಿ ದೇಶದ ರುಸೈಲಿನ ಕಾರ್ಮಿಕರ ವಸತಿಯ ತಾರಸಿಯಲ್ಲಿ ಬೆಳಕು ಇನ್ನೂ ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿದೆ. ನೀರಿನ ಟ್ಯಾಂಕಿಗೆ ಒರಗಿ ಐದು ಕ್ಯಾನ್ವಾಸುಗಳು ನಿಂತಿವೆ. ಐದರಲ್ಲೂ ಕಪ್ಪು ಕೋಟು, ಟೈ, ಕುರ್ಚಿಯ ಮೇಲಿಟ್ಟ ನುಣುಪಾದ ಕೈಗಳು. ಮುಖ ಮಾತ್ರ ಇಲ್ಲ. ಯಾರದೋ ಕನಸಿಗೆ ಕರೆ ಬರಲೆಂದು ಕಾದು ಕೂತಂತಿವೆ. ಆರನೆಯದರ ಮುಂದೆ ದೇಜಪ್ಪ ಕುಂಚ ಹಿಡಿದಿದ್ದಾರೆ. ಆರೂಕಾಲಿಗೆ ಕಂಪನಿ ಬಸ್ಸು. ಅಷ್ಟರೊಳಗೆ ಒಂದು ಜೊತೆ ಕೈ ಬರೆದು ಮುಗಿಸಬೇಕು.

ಅರವತ್ತೊಂದರ ದೇಜಪ್ಪ ಹಗಲಿಗೆ ಕಬ್ಬಿಣದ ಬಾಗಿಲುಗಳಿಗೆ ಸ್ಪ್ರೇ ಪೇಂಟ್ ಹೊಡೆಯುವವರು, ನಸುಕಿಗೆ ವಿಕ್ಟೋರಿಯಾ ರಾಣಿಯ ಕಾಲದ ಭಾವಚಿತ್ರಕಾರ. ಕಂದು ಹಿನ್ನೆಲೆ, ಎಡಗೆನ್ನೆಗೆ ಬೆಳಕು, ತುಸು ಓರೆ ಮುಖ. ಮಂಗಳೂರಿನಲ್ಲಿ ಅವರ ಗುರುವಿನ ಗುರುವಿಗೆ ಒಬ್ಬ ಬಿಳಿಯ ಚಿತ್ರಕಾರ ಕಲಿಸಿದ ವಿದ್ಯೆ ಇದು. "ಆ ದೊರೆ ಕೂಡ ಕೋಟು ಮೊದಲೇ ಬರೆದಿಡ್ತಿದ್ದನಂತೆ, ಗಿರಾಕಿ ಬಂದ ಮೇಲೆ ತಲೆ ಇಡುವುದು. ಇಲ್ಲಿ ಕೂತುಕೊಳ್ಳಲಿಕ್ಕೆ ಯಾರಿಗೆ ಪುರುಸೊತ್ತು ಉಂಟು ಮಾರಾಯ್ರೆ?" ಎನ್ನುತ್ತಾರೆ.

ಮೂವತ್ತೊಂದು ವರ್ಷ, ನಾನೂರಕ್ಕೂ ಹೆಚ್ಚು ಮುಖ, ಎಲ್ಲ ವೀಸಾದ ಫೋಟೋ ನೋಡಿ ಬರೆದದ್ದು. ಜನ್ಮದಲ್ಲಿ ಕೋಟು ತೊಡದ ಮೇಸ್ತ್ರಿಗಳು, ಡ್ರೈವರುಗಳು ಸಾಹುಕಾರರಾಗಿ ಊರಿನ ಗೋಡೆ ಸೇರಿದ್ದಾರೆ. ಎಣ್ಣೆಬಣ್ಣದ ವಾಸನೆಗೆ ರೂಮಿನವರು ಹೊರಗಟ್ಟಿದ್ದರಿಂದಲೇ ಈ ತಾರಸಿ. ಕೆಮ್ಮು ಕಾರ್ಖಾನೆಯ ಬಳುವಳಿ. ಕೋಟುಗಳು ತಾವೇ ವಿಮಾನ ಹತ್ತಿ ಹೋಗುವ ಕನಸು ಆಗಾಗ ಬೀಳುತ್ತದಂತೆ. "ಜನ ಮಾತ್ರ ಇಲ್ಲೇ ಬಾಕಿ," ಎಂದು ನಗುತ್ತಾರೆ.

ಎಡವಿದ್ದು ಭೀಮಪ್ಪನವರ ಚಿತ್ರದಲ್ಲಿ. ಗದಗ ಕಡೆಯ ಈ ವೆಲ್ಡರ್ ಇಪ್ಪತ್ತಾರು ವರ್ಷದ ಬಳಿಕ ಗುರುವಾರ ಕಾಯಮ್ಮಾಗಿ ಊರಿಗೆ ಹೊರಟಿದ್ದಾರೆ. ಮುಗಿದ ಚಿತ್ರವನ್ನು ನಿನ್ನೆ ಫೋನಿನಲ್ಲಿ ಹೆಂಡತಿ ಮಲ್ಲಕ್ಕನಿಗೆ ತೋರಿಸಿದರು. ಆಕೆ ಬಹಳ ಹೊತ್ತು ನೋಡಿ, "ಮಾರಿ ನಿಮ್ದ ಐತಿ. ಕೈ ಯಾರ್ದು? ಯಾರದೋ ಕೈನ ನಾ ಯಾಕ ಗ್ವಾಡಿಗೆ ಹಾಕ್ಲಿ?" ಅಂದರು.

ದೇಜಪ್ಪನವರಿಗೆ ನಾಚಿಕೆಯಾಯಿತು. ನಾನೂರು ದುಡಿಮೆಗಾರರಿಗೂ ಅವರು ಕೊಟ್ಟದ್ದು ದೊರೆಯ ಕಾಲದ, ಕೆಲಸವನ್ನೇ ಕಾಣದ ಕೈ. ಇಂದು ಸೋಮವಾರ, ಬಣ್ಣ ಒಣಗಲು ಮೂರು ದಿನ ಬೇಕೇ ಬೇಕು. ಈ ಬೆಳಗು ತಪ್ಪಿದರೆ ಚಿತ್ರ ಊಟಕ್ಕಿಲ್ಲದ ಉಪ್ಪಿನಕಾಯಿ.

ಹಾಗಾಗಿ ಮೊದಲ ಸಲ ಅವರೆದುರು ಮನುಷ್ಯನೇ ಕೂತಿದ್ದಾನೆ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ ಭೀಮಪ್ಪ ಕೈ ಚಾಚಿದ್ದಾರೆ: ಕಿಡಿ ಸುಟ್ಟ ಚುಕ್ಕೆಗಳು, ಸೊಟ್ಟ ಹೆಬ್ಬೆರಳು.

"ಚಂದ ಇಲ್ರಿ. ಕೋಟಿಗೆ ಒಪ್ಪಂಗಿಲ್ಲ."

"ಅಲ್ಲಾಡಬೇಡ ಮಾರಾಯ," ಎಂದು ಗದರುವ ದೇಜಪ್ಪನವರ ಕಣ್ಣು ತೇವವಾಗಿದೆ.

ಕೆಳಗೆ ಬಸ್ಸಿನ ಹಾರ್ನ್ ಕೇಳುವ ಹೊತ್ತಿಗೆ ಕೈ ಬರೆದು ಮುಗಿದಿದೆ. ಫೋನಿನಲ್ಲಿ ಮಲ್ಲಕ್ಕ ಈ ಸಲ ತಡ ಮಾಡುವುದಿಲ್ಲ. "ಹೂಂ. ಈಗ ಬರ್ರಿ ಮನಿಗೆ."

ದೇಜಪ್ಪ ಅದೇ ಕುಂಚದಿಂದ ಉಳಿದ ಐದು ಕೋಟುಗಳ ನುಣುಪು ಕೈಗಳ ಮೇಲೆ ಕಂದು ಬಣ್ಣ ಬಳಿಯುತ್ತಾರೆ. "ಇನ್ನು ಬರುವವರು ಬರೀ ಫೋಟೋ ತಂದರೆ ಸಾಲದು. ಹತ್ತು ನಿಮಿಷ ಕೈ ಚಾಚಿ ಕೂತುಕೊಳ್ಳಬೇಕು."