ಸಿಸ್ಟರ್‌ಬಾಯಿ ಕಟ್ಟಿಸಿದ ಖೋಲಿಗಳು

ಅವರ ಬೆರಳ ತುದಿಗಳು ಸದಾ ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಆಯುಷ್ಯವೆಲ್ಲ ದವಾಖಾನೆಯಲ್ಲಿ ಹೆರಿಗೆ ಮಾಡಿಸಿ, ತೊಳೆದು ತೊಳೆದು ಆ ಚರ್ಮದಲ್ಲಿ ಫಿನಾಯಿಲಿನ ವಾಸನೆ ನಿಂತುಬಿಟ್ಟಿತ್ತು. ತೊಂಬತ್ತರ ದಶಕದಲ್ಲಿ ನಾನು ಸೊಸೆಯಾಗಿ ಹುಕ್ಕೇರಿಗೆ ಬಂದಾಗ ಅವರು ಆಗಷ್ಟೇ ನಿವೃತ್ತರಾಗಿ ನಮ್ಮ ಬಾಜೂ ಮನೆಯಲ್ಲಿದ್ದರು. ನಾವು ಜೈನರು, ಅವರು ಕ್ರೈಸ್ತರು. ಊರಿಗೆಲ್ಲ ಅವರು ಸಿಸ್ಟರ್‌ಬಾಯಿ.

ಮದುವೆಯಾಗಿರಲಿಲ್ಲ. ಆದರೆ ಒಣ ಜೀವವಲ್ಲ. ಈಸ್ಟರ್ ಹಬ್ಬಕ್ಕೆ ಇಳಕಲ್ ಸೀರೆ ಉಟ್ಟು, ನಮ್ಮ ಅತ್ತೆಯ ಮುಂದೆ ನಿಂತು, "ಹೆಂಗ ಕಾಣಾಕತ್ತೇನ್ರಿ?" ಎಂದು ಕೇಳುವವರು. "ಯೇಸುಸ್ವಾಮಿ ರೊಕ್ಕ ಕೆಟ್ಟದ್ದು ಅನ್ನಂಗಿಲ್ಲವ್ವಾ. ಅದಕ್ಕ ಕೈ ಮುಗಿಯಾಕ ಹತ್ತಿದ್ರ ಮಾತ್ರ ಸಿಟ್ಟಿಗೇಳ್ತಾನ" ಎನ್ನುತ್ತಿದ್ದರು.

ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಖಾಲಿ ಜಾಗವಿತ್ತು. ಊರು ಬೆಳೆದಂತೆ ಅದಕ್ಕೆ ಚಿನ್ನದ ಬೆಲೆ ಬಂತು. ಗೋಕಾಕದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಓಡೋಡಿ ಬಂದ. "ಅಕ್ಕಾ, ಸಾಲಾಗಿ ಅಂಗಡಿ ಕಟ್ಟೂನು. ಮ್ಯಾಲ ಲಾಡ್ಜ್ ಮಾಡೂನು. ನಮ್ಮ ಮಂದಿ ಒಮ್ಮೆರ ತಲಿ ಎತ್ತಿ ನಡೀಲಿ."

ಅವರು ಒಪ್ಪಿದರು. ಪಾಯ ತೋಡಿದರು, ಸಿಮೆಂಟಿನ ಚೀಲಗಳು ಬಂದು ತಾಡಪತ್ರಿಯ ಕೆಳಗೆ ಕುಳಿತವು. ದಿನವೂ ಸಂಜೆ ಹೋಗಿ ನೋಡಿ ಬರುವುದೇ ಅವರಿಗೊಂದು ಹುಚ್ಚಾಯಿತು. ಒಮ್ಮೆ ನನ್ನ ಮುಂದೆ ನಗುತ್ತಲೇ ಅಂದರು: "ಪ್ರಾರ್ಥನಾಕ ಕಣ್ಣ ಮುಚ್ಚಿದ್ರ ಅಂಗಡಿ ಶಟರ್ ಕಾಣಾಕತ್ತಾವು ನೋಡವ್ವಾ." ಆ ನಗುವಿನಲ್ಲಿ ಸ್ವಲ್ಪ ಅಂಜಿಕೆಯೂ ಇತ್ತು.

ಆ ಮಳೆಗಾಲದ ಒಂದು ಮಧ್ಯಾಹ್ನ ಜೋರು ಮಳೆ. ಸಿಮೆಂಟು ತೊಯ್ದೀತೆಂದು ನನ್ನನ್ನೂ ಕರೆದುಕೊಂಡು ಓಡಿದರು. ತಾಡಪತ್ರಿಯ ಕೆಳಗೆ ಯಾರೋ ಅಲ್ಲಾಡಿದಂತಾಯಿತು. "ಯಾರದು? ಸಿಮೆಂಟಿನ ಮ್ಯಾಲ ಕುಂತೀರೇನು? ಏಳ್ರಿ ಮೊದಲ!" ಎಂದು ಗದರಿದರು.

ಒಳಗಿದ್ದದ್ದು ದಡ್ಡಿ ಎಂಬ ಹಳ್ಳಿಯ ಕಡೆಯ ಕುರುಬರ ತುಂಬು ಬಸುರಿ, ಜೊತೆಗೆ ಅವಳ ಅತ್ತೆ. ಮಳೆಗೆ ದಾರಿ ಕಟ್ಟಿದರೆ ದವಾಖಾನೆ ಮುಟ್ಟಲಾಗದೆಂದು ಹೆರಿಗೆಗೆ ಮುಂಚೆಯೇ ಊರು ಬಿಟ್ಟು ಬಂದಿದ್ದರು. ಇಳಿದುಕೊಳ್ಳಲು ಗುರುತಿನವರಿಲ್ಲ. "ನೋವ ಸುರು ಆಗ್ಯಾವ್ರಿ ಬಾಯಾರ, ಮಳಿ ನಿಂತ ಮ್ಯಾಲ ಹೋಗ್ತೇವ್ರಿ" ಎಂದಳು ಮುದುಕಿ, ಕೈ ಜೋಡಿಸಿ. ದವಾಖಾನೆಗೆ ಒಯ್ಯುವಷ್ಟು ಹೊತ್ತಿರಲಿಲ್ಲ. ಸಿಸ್ಟರ್‌ಬಾಯಿ ಸೆರಗು ಕಟ್ಟಿ ಮೊಣಕಾಲೂರಿದರು. ನಾನು ತಾಡಪತ್ರಿ ಎತ್ತಿ ಹಿಡಿದು ನಿಂತೆ. ಕೂಸು ಅತ್ತಿತು. ತಾಯಿಯೂ ಉಳಿದಳು.

ಮನೆಗೆ ಬಂದವರು ತೊಯ್ದ ಸೀರೆಯಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಇಷ್ಟ ವರ್ಷ ಬಾಣಂತ್ಯಾರ ಸೇವಾ ಮಾಡೇನಿ. ಇವತ್ತ ನನ್ನ ಬಾಯಾಗ ಮೊದಲ ಬಂದ ಮಾತು ಸಿಮೆಂಟಿಂದು" ಎಂದರು.

ಮುಂದಿನ ರವಿವಾರ ತಮ್ಮ ಬಂದಾಗ, ಎರಡೇ ಅಂಗಡಿ ಕಟ್ಟುವುದೆಂದರು. ಅದರ ಬಾಡಿಗೆ ಅವನ ಮಕ್ಕಳ ಶಾಲೆಯ ಖರ್ಚಿಗೆ. ಉಳಿದ ಜಾಗದಲ್ಲಿ ಹಳ್ಳಿಯಿಂದ ಬರುವ ಬಸುರಿಯರು ಇಳಿದುಕೊಳ್ಳಲು ಖೋಲಿಗಳು.

"ಹಂಗಾರ ನಾವು ಹೊರಗಿನವರಾದ್ವಿ" ಎಂದ ಅವನು.

"ನಿನಗ ಇಲ್ಲ ಅಂದಿಲ್ಲೋ ತಮ್ಮಾ. ಎಲ್ಲಾ ನಮಗ ಬೇಕು ಅಂಬೂದಕ್ಕ ಇಲ್ಲ ಅಂದೇನಿ."

ಅವನು ಚಹಾ ಕುಡಿಯದೆ ಎದ್ದು ಹೋದ. ಅಂಗಡಿಗಳ ಬಾಡಿಗೆ ಮಾತ್ರ ಅವನಿಗೆ ಮುಟ್ಟುತ್ತಿತ್ತು. ಕ್ರಿಸ್ಮಸ್ಸಿಗೆ ಅಕ್ಕ ಕಳಿಸಿದ ಕರಚಿಕಾಯಿಯ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ವಾಪಸು ಬಂತು. ಅವತ್ತು ಅವರು ಅತ್ತದ್ದನ್ನು ನಾನು ನೋಡಿದ್ದೇನೆ. ಆದರೂ ಖೋಲಿಗಳು ಎದ್ದವು. ಗೋಡೆಯ ಮೇಲೆ ಯಾರ ಹೆಸರನ್ನೂ ಬರೆಸಲಿಲ್ಲ. ಬಂದವರ ಜಾತಿ ಕೇಳಲಿಲ್ಲ. ನನ್ನ ಎರಡೂ ಹೆರಿಗೆಗಳಲ್ಲಿ ತಲೆದೆಸೆಗೆ ನಿಂತವರೂ ಅವರೇ.

ಕೆಲವು ವರ್ಷಗಳ ಮೇಲೆ, ಒಂದು ಚಳಿಗಾಲ, ಅವರು ತೀರಿಕೊಂಡರು. ತಮ್ಮ ಬಂದ. ಮಣ್ಣು ಮುಗಿಸಿ ನೇರ ಖೋಲಿಗಳ ಕಡೆ ನಡೆದ. ಬೀಗ ಹಾಕುತ್ತಾನೆಂದು ಎಲ್ಲರೂ ಅಂದುಕೊಂಡೆವು. ನಾನು ಹಿಂದೆಯೇ ಹೋದೆ. ಒಳಗೆ ದಿನ ತುಂಬಿದ ಒಬ್ಬ ಹುಡುಗಿ ಗಂಟು ಕಟ್ಟುತ್ತಿದ್ದಳು. "ಹೊಂಟೇನ್ರಿ ಕಾಕಾ" ಎಂದಳು ಹೆದರಿ.

ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ. ಅವಳ ಕೈಯಿಂದ ಗಂಟು ಇಸಿದುಕೊಂಡು ಮೂಲೆಗಿಟ್ಟ. "ಎಲ್ಲಿ ಹೋಗ್ತೀಯವ್ವಾ? ಅಕ್ಕ ಇಲ್ಲ, ಖೋಲಿ ಐತಲ್ಲ. ಕೂಡು." ನನ್ನ ಕಡೆ ತಿರುಗಿ, "ಸೀಮೆಎಣ್ಣಿ ಎಲ್ಲೈತ್ರಿ ವೈನಿ? ಈಕಿಗೆ ನೀರ ಕಾಸ್ತೇನಿ" ಎಂದ.

ನಾನು ತಂದುಕೊಟ್ಟೆ. ಅವನು ಸ್ಟೋವಿಗೆ ಪಂಪ್ ಹೊಡೆಯುತ್ತಲೇ ಅಳುತ್ತಿದ್ದ.