ಕುರ್ರ್ ಅನ್ನುವ ಹಕ್ಕು

ನಮ್ಮ ಕಡೆ ಮಗುವಿಗೆ ಹೆಸರಿಡುವ ದಿನ ಸೋದರತ್ತೆಯದೇ ದರ್ಬಾರು. ಮಗುವಿನ ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲ ಮೇಲೆ ಬಗ್ಗಿ, ಮಗುವಿನ ಕಿವಿಗೆ ಬಾಯಿಟ್ಟು, ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳಿ ತಲೆ ಎತ್ತುವಷ್ಟರಲ್ಲಿ ಹಿಂದೆ ಕಾದು ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನನ್ನು ಕೇಳಿದರೆ, ಅಲ್ಲಿಯವರೆಗೆ ಅವಳ ಮೇಲೆ ಇಟ್ಟುಕೊಂಡ ಸಿಟ್ಟನ್ನೆಲ್ಲ ಶಾಸ್ತ್ರದ ನೆಪದಲ್ಲಿ ತೀರಿಸಿಕೊಳ್ಳಲು ಹೆಂಗಸರೇ ಮಾಡಿಕೊಂಡ ಏರ್ಪಾಡು ಅದು.

ನನ್ನ ತವರು ಹಿರಿಯೂರು ತಾಲ್ಲೂಕಿನ ಆದಿವಾಲ. ಅಲ್ಲಿ ನನ್ನ ತಮ್ಮನಿಗೆ ಹೆಸರಿಟ್ಟ ದಿನ ನಮ್ಮ ಸೋದರತ್ತೆ ಗುದ್ದು ತಿಂದು, ಸೆರಗು ಸರಿಮಾಡಿಕೊಳ್ಳುತ್ತ ನಕ್ಕದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ನನ್ನ ಕೆನ್ನೆ ಹಿಂಡಿ, “ಮುಂದೆ ಇವನ ಮಕ್ಳಿಗೆ ನೀನೇ ಕಣೇ ಅತ್ತೆ. ಬೆನ್ನು ಗಟ್ಟಿ ಮಾಡ್ಕ” ಅಂದಿದ್ದಳು. ಅವತ್ತಿನಿಂದ ಆ ಗುದ್ದಿಗಾಗಿ ಕಾದವಳು ನಾನು.

ಬೆನ್ನು ಹೇಗಾದರೂ ಇರಲಿ, ಗಂಟಲಂತೂ ಗಟ್ಟಿಯಾಗಿಯೇ ಇತ್ತು. ತಮ್ಮ ಸಂಜೆಯಾದರೂ ಕಾಲುವೆ ಏರಿಯ ಮೇಲೆ ಗೋಲಿ ಆಡುತ್ತ ಕೂತಿರುತ್ತಿದ್ದ. ನಾನು ಅಂಗಳದಲ್ಲಿ ನಿಂತು ಒಂದು ಕೂಗು ಹಾಕಿದರೆ ತೆಂಗಿನ ತೋಟದ ಆಚೆಯಿಂದ “ಬಂದೇ” ಎಂಬ ಉತ್ತರ ಬರುತ್ತಿತ್ತು. ಅವ್ವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ, “ನಿನ್ ಬಾಯಿ ಬಿದ್ದೋಗ! ಎಮ್ಮೆ ಬೆಚ್ಚಿ ಸೊರ ಬಿಡ್ತಿಲ್ಲ, ಹಾಲೇ ಇಳೀತಿಲ್ಲ ಕಣೇ” ಎಂದು ಬೈಯುತ್ತಿದ್ದಳು. ಬೈದು ಮುಗಿಸಿ, ಹಾಲಿನ ಚೊಂಬು ಹಿಡಿದು ಆಚೆ ಬಂದು ನನ್ನ ಬೆನ್ನಿಗೆ ಒಂದು ಕೊಡುತ್ತಿದ್ದಳು. ನೋವಾಗುತ್ತಿರಲಿಲ್ಲ. ಈಗ ನೆನೆಸಿಕೊಂಡರೆ ಆ ಸಂಜೆಯ ಸಗಣಿಯ ವಾಸನೆ, ಒಲೆಯ ಹೊಗೆ, ದೂರದಿಂದ ಓಡಿ ಬರುವ ತಮ್ಮನ ಚಡ್ಡಿ ಜೇಬಿನಲ್ಲಿ ಗೋಲಿಗಳ ಸದ್ದು, ಎಲ್ಲವೂ ಒಟ್ಟಿಗೇ ಬಂದು ಎದೆ ತುಂಬಿಬಿಡುತ್ತದೆ.

ಮದುವೆಯಾಗಿ ಹೊಳಲ್ಕೆರೆಗೆ ಬಂದೆ. ಅಲ್ಲೇ ಸರ್ಕಾರಿ ಶಾಲೆಯಲ್ಲಿ ಮೇಡಂ ಆದೆ. ಪ್ರಾರ್ಥನೆಗೆ ಮೈಕು ಬೇಡ, ನಾನಿದ್ದರೆ ಸಾಕು ಎಂದು ಹೆಡ್‌ಮಾಸ್ಟರು ತಮಾಷೆ ಮಾಡುತ್ತಿದ್ದರು. ಅಂಥ ದನಿ ಒಂದು ಮಳೆಗಾಲದಲ್ಲಿ ಒಡೆಯಿತು. ಸೀಮೆಸುಣ್ಣದ ಧೂಳು ಅಂದುಕೊಂಡೆ. ಮೆಣಸಿನ ಹಾಲು ಕುಡಿದೆ, ಜ್ಯೇಷ್ಠಮಧು ಚೀಪಿದೆ, ಉಪ್ಪುನೀರು ಮುಕ್ಕಳಿಸಿದೆ. ದನಿ ದಿನದಿನಕ್ಕೆ ಕಡಿಮೆಯಾಗುತ್ತ ಹೋಯಿತು. ಮಕ್ಕಳಿಗೆ ಅದು ಹಬ್ಬ. ಹಿಂದಿನ ಬೆಂಚಿನವು ಯಾವ ಭಯವೂ ಇಲ್ಲದೆ ಹರಟುತ್ತಿದ್ದವು.

ಚಿತ್ರದುರ್ಗದ ಗಂಟಲಿನ ಡಾಕ್ಟರು ಮೂಗಿನಲ್ಲಿ ಸಣ್ಣ ಕೊಳವೆ ಇಳಿಸಿ ನೋಡಿದರು. “ಬೀಡಿ ಸಿಗರೇಟು ಅಭ್ಯಾಸ ಏನಾದ್ರೂ ಐತೇನಮ್ಮ?” ಎಂದು ಕೇಳಿದರು. ನನಗೆ ಎಲ್ಲಿತ್ತೋ ಕೋಪ. “ನನ್ ಮುಖ ನೋಡಿದ್ರೆ ಬೀಡಿ ಸೇದೋಳ್ ತರ ಕಾಣ್ತೀನೇನ್ರಿ?” ಅಂದೆ. ಅವರು ನಗಲಿಲ್ಲ. ಆಗಲೇ ಗೊತ್ತಾಯಿತು ನನಗೆ. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆಯಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಎಂದು ಬಂತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು, ಅದು ತೀರಾ ಹಬ್ಬಿದೆ, ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು ಅಂದರು.

ಅದೇ ತಿಂಗಳು ತಮ್ಮನ ಫೋನು ಬಂತು. ಮದುವೆಯಾಗಿ ವರ್ಷಗಟ್ಟಲೆ ಕಾದು, ಹರಕೆ ಕಟ್ಟಿ, ಆಸ್ಪತ್ರೆಗಳಿಗೆ ಅಲೆದು ಸಾಕಾಗಿದ್ದವನು. “ಅಕ್ಕ, ಅತ್ತೆ ಆಗ್ತೀಯ” ಅಂದ. ನಾನು ಫೋನು ಹಿಡಿದುಕೊಂಡು ಅತ್ತೆ. ಖುಷಿಗೋ ದುಃಖಕ್ಕೋ, ದೇವರಾಣೆ ನನಗೆ ತಿಳಿಯಲಿಲ್ಲ. ಆಪರೇಷನ್ನಿನ ವಿಷಯ ಕೇಳಿದಾಗ ನಾನು ಡಾಕ್ಟರಿಗೆ ಬದುಕುತ್ತೀನಾ ಎಂದು ಕೇಳಲಿಲ್ಲ. ಒಂದು ಮಗುವಿನ ಕಿವಿಯಲ್ಲಿ ಒಂದು ಹೆಸರು ಹೇಳಲಿಕ್ಕೆ ಆಗುತ್ತದಾ ಎಂದು ಕೇಳಿದೆ. ಅವರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಇನ್ನುಮುಂದೆ ಉಸಿರಾಟ ಮೂಗಿನಿಂದಲ್ಲ, ಕುತ್ತಿಗೆಯ ಬುಡದಲ್ಲಿ ಮಾಡುವ ತೂತಿನಿಂದ. ಆ ತೂತಿನ ಒಳಗೆ, ಉಸಿರಿನ ಕೊಳವೆಗೂ ಅನ್ನನಾಳಕ್ಕೂ ನಡುವೆ, ಅಂಗಿಯ ಗುಂಡಿಯಷ್ಟು ದೊಡ್ಡ ಕವಾಟ ಕೂರಿಸುತ್ತಾರೆ. ತೂತನ್ನು ಬೆರಳಿನಿಂದ ಮುಚ್ಚಿದರೆ ಎದೆಯ ಗಾಳಿ ಕವಾಟದ ಮೂಲಕ ಅನ್ನನಾಳಕ್ಕೆ ಹೋಗಿ ಅಲ್ಲಿ ಸದ್ದಾಗುತ್ತದೆ. ಅದೇ ದನಿ. “ಹಳೇ ದನಿ ಇರಲ್ಲ. ಆದ್ರೆ ಮಾತು ಇರುತ್ತೆ” ಅಂದರು.

ಆಪರೇಷನ್ನಿಗೆ ಹೊರಡುವ ಮುಂಚೆ ಆದಿವಾಲಕ್ಕೆ ಹೋಗಿದ್ದೆ. ತಮ್ಮ ಬಲು ಬುದ್ಧಿವಂತ. “ಅಕ್ಕ, ಒಂದ್ ಕೆಲ್ಸ ಮಾಡಾಣ. ಗಂಡಾದ್ರೆ ಒಂದು, ಹೆಣ್ಣಾದ್ರೆ ಒಂದು, ಎರಡೂ ಹೆಸರು ಈಗ್ಲೇ ನಿನ್ ದನೀಲಿ ಫೋನಲ್ಲಿ ತುಂಬ್ಕಂಡ್ ಬಿಡ್ತೀನಿ. ಆ ದಿನ ಮಗೀನ್ ಕಿವಿ ಹತ್ರ ಹಚ್ಚಿದ್ರಾಯ್ತು” ಅಂದ. ನನಗೂ ಸರಿ ಅನ್ನಿಸಿ ಬಾಯಿ ತೆರೆದಿದ್ದೆ. ಅವ್ವ ಒಲೆ ಮುಂದಿನಿಂದ ಎದ್ದು ಬಂದವಳೇ ಫೋನು ಕಿತ್ತುಕೊಂಡಳು. “ಲೇ, ಇನ್ನೂ ಹುಟ್ದೇ ಇರೋ ಮಗೀಗೆ ಯಾರಾದ್ರೂ ಹೆಸ್ರು ಕೂಗ್ತಾರೇನೋ? ಬುದ್ಧಿ ಎಲ್ಲಿಟ್ಟಿದ್ದೀಯ?” ಅಂದಳು. ಅಷ್ಟು ವರ್ಷ ಕಾದ ಬಸುರು, ಅಪಶಕುನದ ಮಾತು ಯಾರಿಗೆ ಬೇಕು? ನಾವಿಬ್ಬರೂ ಅದನ್ನು ಅಲ್ಲಿಗೇ ಬಿಟ್ಟೆವು. ಹಾಗಾಗಿ ನನ್ನ ಹಳೆಯ ದನಿ ಅಂತ ಈಗ ಉಳಿದಿರುವುದು ತಮ್ಮನ ಫೋನಿನಲ್ಲಿರುವ ಒಂದೇ ಒಂದು ವಾಯ್ಸ್ ಮೆಸೇಜು. ತೆಂಗಿನಕಾಯಿ ಕಳಿಸಲಿಲ್ಲ ಎಂದು ಅವನನ್ನು ಹಿಗ್ಗಾಮುಗ್ಗಾ ಬೈದದ್ದು. ಅವನು ಅದನ್ನು ಅಳಿಸಿಲ್ಲ.

ಆಪರೇಷನ್ ಆಯಿತು. ಎಚ್ಚರವಾದಾಗ ಉಸಿರು ಕುತ್ತಿಗೆಯಲ್ಲಿ ಓಡಾಡುತ್ತಿತ್ತು. ಅತ್ತರೆ ಸದ್ದು ಬರಲಿಲ್ಲ. ಮಾತಿಗೆ ಸ್ಲೇಟು ಕೊಟ್ಟರು. ನಮ್ಮ ಯಜಮಾನರಿಗೆ ಬರೆದು ತೋರಿಸುತ್ತಿದ್ದೆ, ಅವರು ಓದುವ ಮುಂಚೆಯೇ “ನೀರಾ? ಫ್ಯಾನಾ? ಬೆನ್ನು ತುರಿಸ್ಬೇಕಾ?” ಎಂದು ಊಹಿಸಿ ನನ್ನ ತಲೆ ತಿನ್ನುತ್ತಿದ್ದರು. ಅವ್ವ ಬಂದಾಗ ಸ್ಲೇಟಿನ ಮೇಲೆ ‘ಊಟ ಮಾಡಿದೆಯಾ ಅವ್ವ’ ಎಂದು ಬರೆದು ತಿರುಗಿಸಿ ಹಿಡಿದೆ. ಅವ್ವನಿಗೆ ಓದು ಬರುವುದಿಲ್ಲ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ನಾನು ಅದನ್ನು ಮರೆತೇಬಿಟ್ಟಿದ್ದೆ. ಅವಳು ಅಕ್ಷರಗಳ ಮೇಲೆ ಕೈಯಾಡಿಸಿ, ಸ್ಲೇಟನ್ನು ಮೆತ್ತಗೆ ಮಂಚದ ಮೇಲಿಟ್ಟು, ಗೋಡೆಯ ಕಡೆ ತಿರುಗಿ ಕೂತಳು.

ಸ್ವಲ್ಪ ದಿನದ ಮೇಲೆ ಮಾತು ಕಲಿಸುವ ಹುಡುಗಿ ಬಂದಳು. “ಬೆರಳಿಟ್ಟು ಮೆಲ್ಲಗೆ ‘ಆ’ ಅನ್ನಿ ಮೇಡಂ” ಅಂದಳು. ನಾನು ಮೂತಿ ಚೂಪು ಮಾಡಿ ‘ಕುರ್ರ್’ ಅನ್ನಲು ಹೋದೆ. ಗಾಳಿ ಬೆರಳ ಸಂದಿಯಿಂದ ಪುಸ್ ಎಂದಿತು, ಕಫ ಹಾರಿ ಅವಳ ಕೋಟಿನ ಮೇಲೆ ಬಿತ್ತು. ಒರೆಸಿಕೊಂಡು, “ಮೊದ್ಲು ‘ಆ’ ಬರ್ಲಿ, ಆಮೇಲೆ ಉಳಿದದ್ದು” ಎಂದು ನಕ್ಕಳು. ಅಆಇಈ ಕಲಿಸಿದ ಮೇಡಂ ನಾನು ‘ಆ’ ಕಲಿಯಲು ಕೂತೆ. ಒಂದು ಬೆಳಿಗ್ಗೆ ಅದು ಬಂತು. ದಪ್ಪ, ಒರಟು ದನಿ. ನನ್ನದೇ ಎಂದು ನಂಬಲು ನನಗೇ ಹೊತ್ತು ಹಿಡಿಯಿತು. ತಕ್ಷಣ ಅವ್ವನಿಗೆ ಫೋನು ಮಾಡಿ “ಅವ್ವಾ” ಅಂದೆ. ಆಚೆಯಿಂದ, “ಯಾವನೋ ನೀನು? ಬೆಳ್‌ಬೆಳಿಗ್ಗೆ ಕುಡ್ಕಂಡು ಯಾರ್ಯಾರಿಗೋ ಅವ್ವ ಅಂತೀಯ, ಮೂದೇವಿ!” ಎಂದು ಬೈದು ಇಟ್ಟಳು. ಯಜಮಾನರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಅವ್ವನಿಗೆ ಆಮೇಲೆ ತಮ್ಮ ತಿಳಿಸಿ ಹೇಳಿದ. ಅದರಿಂದ ಇನ್ನೂ ಕೆಟ್ಟಿತು. ಕರೆಂಟು ಕೊಡುವುದು ಅನ್ನುತ್ತಾರಲ್ಲ, ಆ ವಿಕಿರಣ ಚಿಕಿತ್ಸೆ ಮುಗಿಸಿ ತವರಿಗೆ ಬಂದಾಗ ಅವ್ವ ನನ್ನನ್ನು ಒಡೆದ ಮಡಕೆ ಮುಟ್ಟುವ ಹಾಗೆ ಮುಟ್ಟುತ್ತಿದ್ದಳು. ಬೈಗುಳ ಒಂದೂ ಇಲ್ಲ. “ಕುಂತ್ಕಳವ್ವ, ಉಣ್ಣವ್ವ” ಅಷ್ಟೇ. ನನಗೆ ರೇಗಿಹೋಯಿತು. ತಮ್ಮನನ್ನು ಕೇಳಿದರೆ ಅವನು ತಲೆ ತಗ್ಗಿಸಿ ಹೇಳಿದ: “‘ನಾನೇ ಬಾಯಿ ಬಿದ್ದೋಗ ಅಂತಿದ್ದೆ ದಿನಾ, ಹಂಗೇ ಆಯ್ತು’ ಅಂತ ಅವ್ವ ಒಲೆ ಮುಂದೆ ಕುಂತು ಅಳ್ತಾಳೆ ಅಕ್ಕ.” ಅಯ್ಯೋ ಅವ್ವ! ಆ ಬೈಗುಳ ಕೇಳದೆ ನನಗೆ ಸಂಜೆ ಆಗುತ್ತಿರಲಿಲ್ಲ ಎಂದು ಇವಳಿಗೆ ಹೇಗೆ ಹೇಳಲಿ? ಹಾಗಲ್ಲ ಎಂದು ಒಂದೆರಡು ಸಲ ಹೇಳಿದೆ ಕೂಡ. ಆದರೆ ಹೇಳುತ್ತಿದ್ದದ್ದು ಈ ದನಿಯಲ್ಲವೇ, ಕೇಳಿದಷ್ಟೂ ಅವಳ ಮುಖ ಸಣ್ಣಗಾಗುತ್ತಿತ್ತು.

ತಮ್ಮನ ಹೆಂಡತಿಯ ತವರು ನಮ್ಮ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ. ಬಾಣಂತನಕ್ಕೆ ಅಲ್ಲಿಗೆ ಬಂದ ಮೇಲೆ ಡಾಕ್ಟರಿಗೆ ತೋರಿಸಿಕೊಳ್ಳಲು ಹೊಳಲ್ಕೆರೆಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಇಳಿಯುತ್ತಿದ್ದಳು. ಪಡಸಾಲೆಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದೆವು. ನಾನು ಕುತ್ತಿಗೆಗೆ ಬೆರಳಿಟ್ಟು ಶಾಲೆಯ ಕಥೆ, ಅವಳ ಗಂಡನ ಗೋಲಿಯ ಕಥೆ ಹೇಳುವುದು, ಅವಳು ಅರ್ಥವಾಗದ ಕಡೆ “ಏನಕ್ಕ? ಇನ್ನೊಂದ್ ಸಲ” ಎಂದು ನಾಚಿಕೆಯಿಲ್ಲದೆ ಕೇಳುವುದು. ನನಗೆ ಮಾತು ಕಲಿಸಿದವರಲ್ಲಿ ಅವಳೂ ಒಬ್ಬಳು. “ನೀವು ಮಾತಾಡಿದ್ರೆ ಕೂಸು ಒದೀತೈತೆ ಅಕ್ಕ” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಹೆಣ್ಣು ಮಗು ಹುಟ್ಟಿತು. ಮೂರನೇ ತಿಂಗಳಲ್ಲಿ ಬಿ.ದುರ್ಗದ ಬೀಗರ ಮನೆಯಲ್ಲಿ ಹೆಸರಿಡುವುದೆಂದಾಯಿತು. ತೊಟ್ಟಿಲಿಗೆ ಹೂ ಕಟ್ಟಿದ್ದರು, ನೆನೆಸಿದ ಕಡಲೆಕಾಳು ಪರಾತದಲ್ಲಿತ್ತು. ನಾನು ಕುತ್ತಿಗೆಗೆ ಸೀರೆಯ ಬಣ್ಣದ್ದೇ ತೆಳು ಬಟ್ಟೆ ಕಟ್ಟಿಕೊಂಡು, ಹೊಸ ಬಳೆ ತೊಟ್ಟು ಹೋಗಿದ್ದೆ. ಹೆಂಗಸರ ಗುಂಪಿನಲ್ಲಿ ಗುಸುಗುಸು ನಡೆಯುತ್ತಿತ್ತು. ಬೀಗಿತ್ತಿ ಒಳ್ಳೆಯವಳು, ಬಹಳ ನಯವಾಗಿಯೇ ಹೇಳಿದಳು: “ನೀವು ತೊಟ್ಲ ಹತ್ರ ಕುಂತ್ಕಳ್ರಿ, ಮರ್ಯಾದೆ ಎಲ್ಲ ನಿಮ್ಗೇ. ಹೆಸ್ರೊಂದು ನಿಮ್ ಚಿಕ್ಕಪ್ಪನ ಮಗಳು ಹೇಳ್ಲಿ. ಕೂಸು ಬೆಚ್ಚುತ್ತೆ ಅಂತ, ಬೇರೆ ಏನಿಲ್ಲ.” ನಾನು ತಮ್ಮನ ಮುಖ ನೋಡಿದೆ. ಅವನು ತೊಟ್ಟಿಲಿನ ಹೂವು ಸರಿಮಾಡುತ್ತ, “ಹಂಗೂ ಮಾಡಬೋದೇನೋ ಅಕ್ಕ...” ಅಂದ. ಅವ್ವನ ಮುಖ ನೋಡಿದೆ. ಗೋಡೆಗೆ ಒರಗಿ ಕೂತ ಅವಳು ನೆಲ ನೋಡುತ್ತಿದ್ದಳು. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು, ಅದೂ ಬರಲಿಲ್ಲ.

ಆಗ ಬಾಣಂತಿ ಕೋಣೆಯಿಂದ ಆಚೆ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡೇ, “ಯಾಕೆ ಬೆಚ್ಚುತ್ತೆ?” ಅಂದಳು. “ಹೊಟ್ಟೇಲಿದ್ದಾಗ್ಲೇ ಕೇಳಿರೋ ದನಿ. ಅಕ್ಕನ ಹಳೇ ದನಿ ನಿಮ್ಗೆಲ್ಲ ಗೊತ್ತು, ಇವಳಿಗೇನ್ ಗೊತ್ತು? ಇವಳಿಗೆ ಅತ್ತೆ ಅಂದ್ರೆ ಇದೇ ದನಿ. ಅಕ್ಕನೇ ಹೇಳ್ಲಿ.” ಅಷ್ಟು ಹೇಳಿ ಮಗುವನ್ನು ತೊಟ್ಟಿಲಿಗೆ ಹಾಕಿದಳು.

ನಾನು ಬಗ್ಗಿದೆ. ಎಡಗೈ ಮಗುವಿನ ತಲೆಗೆ ಆಸರೆ, ಬಲಗೈ ಹೆಬ್ಬೆರಳು ಬಟ್ಟೆಯ ಮೇಲಿಂದ ಕುತ್ತಿಗೆಗೆ. ಆ ಪುಟ್ಟ ಕಿವಿಯಲ್ಲಿ ಹರಳೆಣ್ಣೆಯ ಹೊಳಪು ಇತ್ತು. ಎದೆ ತುಂಬ ಗಾಳಿ ಎಳೆದುಕೊಂಡು ‘ಕುರ್ರ್’ ಅಂದೆ. ಬಂತು. ಪೂರ್ತಿ ಬಂತು! ಹೆಸರು ಹೇಳಿದೆ. ಮತ್ತೊಮ್ಮೆ ಹೇಳಿದೆ. ಮೂರನೆಯ ಸಲ ಹೇಳಿದಾಗ ಮಗು ಬೆಚ್ಚಲಿಲ್ಲ, ಅಳಲಿಲ್ಲ. ಕತ್ತು ಹೊರಳಿಸಿ ನನ್ನ ಬಾಯಿಯನ್ನಲ್ಲ, ದನಿ ಹುಟ್ಟಿದ ಹೆಬ್ಬೆರಳನ್ನು ನೋಡಿತು.

ಬಗ್ಗಿದವಳು ಬಗ್ಗಿಯೇ ಇದ್ದೆ, ಗುದ್ದಿಗೆ ಕಾಯುತ್ತ. ಒಂದೂ ಬೀಳಲಿಲ್ಲ. ತಿರುಗಿ ನೋಡಿದರೆ ಅಷ್ಟೂ ಹೆಂಗಸರು ಕೈ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಾರೆ. ಕಾಯಿಲೆಯವಳು, ಗುದ್ದಿದರೆ ಎಲ್ಲಿ ಏನು ಉದುರುತ್ತದೋ ಎಂಬ ಭಯ. ಈಗ ಬಂತು ನೋಡಿ ನನಗೆ ಸಿಟ್ಟು. ಹೆಬ್ಬೆರಳು ಒತ್ತಿ ಹಿಡಿದು ಕೂಗಿದೆ: “ಯಾಕ್ರೇ, ನಿಮ್ ಕೈಗೇನಾಗೈತೆ? ಚಿಕ್ಕೋಳಿದ್ದಾಗ್ಲಿಂದ ಕಾದೀನಿ, ಗುದ್ರೇ!” ದನಿ ಒರಟಾಗಿ ಹೊರಟು ಅಟ್ಟಕ್ಕೆ ಬಡಿಯಿತು. ಅಂಗಳದಲ್ಲಿದ್ದ ಗಂಡಸರು ಇಣುಕಿದರು.

ಯಾರೂ ಅಲುಗಲಿಲ್ಲ. ಗೋಡೆಯ ಹತ್ತಿರ ಅವ್ವ ಮೊಣಕಾಲಿಗೆ ಕೈಯೂರಿ ಎದ್ದಳು. ಹೆಂಗಸರನ್ನು ಸರಿಸಿಕೊಂಡು ಬಂದು ನನ್ನ ಹಿಂದೆ ನಿಂತಳು. ಮರುಗಳಿಗೆ ಬೆನ್ನಿನ ಮೇಲೆ ಬಿತ್ತು, ಹಾಲಿನ ಚೊಂಬು ಹಿಡಿದು ಬರುತ್ತಿದ್ದಳಲ್ಲ, ಅದೇ ಕೈಯ ಗುದ್ದು. ಕೆಮ್ಮು ಒತ್ತರಿಸಿ ಬಂದು ಕಫ ಬಟ್ಟೆಗೆ ಹಾರಿತು. ಅವ್ವ ತನ್ನ ಸೆರಗಿನಿಂದ ನನ್ನ ಕುತ್ತಿಗೆ ಒರೆಸುತ್ತ, ಅಳುತ್ತಲೇ ಬೈದಳು.

“ನಿನ್ ಬಾಯಿ ಬಿದ್ದೋಗ! ಏನ್ ಗಂಟ್ಲೇ ಇದು, ಊರಿಗೆಲ್ಲ ಕೇಳ್ಸುತ್ತಲ್ಲೇ!”