ನೀಲವ್ವ ದೊಡ್ಡವ್ವನ ತಾಲೀಮು

ಕಳೆದ ಚಳಿಗಾಲದಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕು ದಿನ ಅಭಿನಯ ಹೇಳಿಕೊಡಲು ಗೊಟಗೋಡಿಗೆ ಹೋಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಹೊರಟವಳು ಪಕ್ಕದ ಕೋಣೆಯ ಬಾಗಿಲಲ್ಲಿ ಹಾಗೆಯೇ ನಿಂತುಬಿಟ್ಟೆ. ಒಳಗೆ ದೊಡ್ಡಾಟದ ಹಿರಿಯ ಕಲಾವಿದರೊಬ್ಬರು ಮುಖಕ್ಕೆ ಬಳಿಯುವ ಬಿಳಿ ಸಫೇದ ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು, ಅದಕ್ಕೆ ಕೊಬ್ಬರಿ ಎಣ್ಣೆ ಹನಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಅರೆಯುತ್ತಿದ್ದರು. ಎಣ್ಣೆಯದೂ ಅಲ್ಲ, ಸುಣ್ಣದಂಥ ಆ ಪುಡಿಯದೂ ಅಲ್ಲ, ಎರಡೂ ಬೆರೆತು ಕೈಯ ಬಿಸಿಗೆ ಏಳುವ ವಾಸನೆ ಅದು. ನಾನು ಇಪ್ಪತ್ತು ವರ್ಷಗಳಿಂದ ಧಾರಾವಾಹಿಗಳಲ್ಲಿ ಬಣ್ಣ ಹಚ್ಚುತ್ತಿದ್ದೇನೆ. ಅಲ್ಲಿಯ ಬಣ್ಣಗಳಿಗೆ ಹೂವಿನದೋ ಹಣ್ಣಿನದೋ ಪರಿಮಳವಿರುತ್ತದೆ, ಇದು ಇರುವುದಿಲ್ಲ. ನಿಮಗೂ ಇಂಥದೊಂದು ವಾಸನೆ ಎಲ್ಲೋ ಕಾದು ಕುಳಿತಿದ್ದೀತು. ಮೂಗಿಗೆ ಬಡಿದ ಗಳಿಗೆಯಲ್ಲಿ ಅದು ಕೈಹಿಡಿದು ಒಂದು ಮನೆಯೊಳಗೆ ಕರೆದೊಯ್ಯುತ್ತದೆ, ಆಮೇಲೆ ಆ ಮನೆ ಈಗ ಇಲ್ಲವೆಂಬುದು ನೆನಪಾಗುತ್ತದೆ. ನನ್ನನ್ನು ಅದು ಒಯ್ದದ್ದು ಹಾನಗಲ್ಲಿಗೆ, ನಾಟಕವಿದ್ದ ದಿನ ಹೀಗೆಯೇ ಅಂಗೈಯಲ್ಲಿ ಬಣ್ಣ ಅರೆಯುತ್ತಿದ್ದ ನನ್ನ ದೊಡ್ಡವ್ವನ ಬಾಡಿಗೆ ಮನೆಗೆ.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ, ನೀಲವ್ವ. ಹದಿನೈದರ ವಯಸ್ಸಿಗೆ ನಾಟಕ ಕಂಪನಿ ಸೇರಿ, ಊರೂರು ತಿರುಗಿ, ಕಂಪನಿ ಮುಚ್ಚಿದ ಮೇಲೆ ಎರಡು ಟ್ರಂಕು ಸೀರೆ, ಒಂದು ಗೋಣಿಚೀಲ ಕೈಬರಹದ ನಾಟಕದ ಪುಸ್ತಕ ಹೊತ್ತು ಹಾನಗಲ್ಲಿಗೆ ಬಂದು ನೆಲೆಸಿದವಳು. ಗಂಡ ಮಕ್ಕಳಿರಲಿಲ್ಲ. ಸುತ್ತಲಿನ ಊರಿನವರು ನಾಟಕ ಆಡುವಾಗ ಸ್ತ್ರೀಪಾತ್ರಕ್ಕೆ ಹುಡುಗಿಯರನ್ನು ಕರೆಸುತ್ತಿದ್ದರು. ಅಂಥ ಹುಡುಗಿಯರನ್ನು ತಯಾರು ಮಾಡುವುದೇ ಅವಳ ಬದುಕಾಗಿತ್ತು. ಹಿರೇಕೆರೂರಿನಲ್ಲಿ ಹತ್ತಿ ಅಂಗಡಿ ಇಟ್ಟಿದ್ದ ನನ್ನ ಅಪ್ಪನಿಗೆ ಈ ಸಂಬಂಧ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಆದರೆ ನನಗೆ ಒಂಬತ್ತಾದಾಗ ಅವ್ವ ಹಾಸಿಗೆ ಹಿಡಿದಳು, ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಎರಡು ತಿಂಗಳ ಮಟ್ಟಿಗೆಂದು ಅಪ್ಪ ನನ್ನನ್ನು ಕರೆತಂದು ಬಿಟ್ಟ. ಹೊಸ್ತಿಲಾಚೆ ನಿಂತೇ, "ಸಾವಿತ್ರಿ ಸಾಲಿಗೆ ಹೋಗಬೇಕು ನೀಲಕ್ಕ. ನಾಟಕದ್ದೊಂದು ಮಾತು ಆಕಿಗೆ ಕಲಿಸಬ್ಯಾಡ್ರಿ. ಮಾತು ಕೊಡ್ರಿ," ಅಂದ. ದೊಡ್ಡವ್ವ ಕೊಟ್ಟಳು. ಎರಡು ತಿಂಗಳು ಹೋಗಿ ಒಂಬತ್ತು ವರ್ಷವಾಯಿತು. ಅವ್ವ ಚೇತರಿಸಿಕೊಂಡಳು, ನನಗೊಬ್ಬ ತಮ್ಮ ಹುಟ್ಟಿದ. ಒಂಟಿಯಾಗಿದ್ದ ಅಕ್ಕನ ಹತ್ತಿರ ನಾನಿರಲಿ ಎಂದು ಅವ್ವನೇ ಹಟ ಹಿಡಿದಳು.

ಆ ಮನೆಯ ಬೆಳಗು ಹೇಗಿರುತ್ತಿತ್ತೆಂದು ಹೇಳಬೇಕು. ಆರಕ್ಕೆಲ್ಲ ಪಡಸಾಲೆ ಗುಡಿಸಿ ನೀರು ಚಿಮುಕಿಸಿ ಆಗಿರುತ್ತಿತ್ತು. ಸವಣೂರಿನಿಂದ ಮೊದಲ ಬಸ್ಸಿಗೆ ಪೇಟಿ ಮಾಸ್ತರ ಇಮಾಮಸಾಬರು ಬರುತ್ತಿದ್ದರು. ಕಂಪನಿಯಲ್ಲಿ ದೊಡ್ಡವ್ವನ ಹಾಡಿಗೆ ಇಪ್ಪತ್ತು ವರ್ಷ ಹಾರ್ಮೋನಿಯಂ ನುಡಿಸಿದವರು. ಬಂದವರೇ ಎಲೆ ಅಡಿಕೆಯ ಚೀಲ ಬಿಚ್ಚಿ, ಹಿತ್ತಲಿನ ಬಾವಿಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದರು. ಹುಡುಗಿಯರು ಪಡಸಾಲೆಯಲ್ಲಿ ನಿಂತು ಮಾತು ಹೇಳಬೇಕು, ಕೊನೆಯ ಅಕ್ಷರ ಬಾವಿಕಟ್ಟೆಗೆ ಮುಟ್ಟಿದರೆ ಅವರು ಕೈ ಎತ್ತುತ್ತಿದ್ದರು. ಕೂಗಿದರೆ ಎತ್ತುತ್ತಿರಲಿಲ್ಲ. "ಒದರಬ್ಯಾಡ, ಕಳಿಸು," ಎನ್ನುತ್ತಿದ್ದಳು ದೊಡ್ಡವ್ವ. "ಮಾತಿನ ಬಾಲ ಮುರೀಬಾರ್ದು. ಹಿಂದಿನ ಸಾಲಿನ್ಯಾಗ ಕುಂತ ಮುದುಕಿಗೆ ಬಾಲ ಕೇಳಿಸಿದ್ರ ನೀನು ಗೆದ್ದಿ." ಮಾತಿನ ಪಾಠವಾದ ಮೇಲೆ ಹಾಡು, ಹಾಡಿನ ನಂತರ ನಡಿಗೆ. ರಾಣಿ ನಡೆಯುವುದೇ ಬೇರೆ, ಕೂಲಿಯವಳು ನಡೆಯುವುದೇ ಬೇರೆ ಎಂದು ಅವಳು ನಡೆದು ತೋರಿಸುವಾಗ ಅಡುಗೆಮನೆಯ ಹೊಗೆ, ಒಗೆದು ಒಣಹಾಕಿದ ಬಟ್ಟೆ, ಗೋಡೆಯ ಬಿರುಕು ಒಂದೂ ನಮಗೆ ಕಾಣುತ್ತಿರಲಿಲ್ಲ. ಒಂಬತ್ತಕ್ಕೆ ಎಲ್ಲರಿಗೂ ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಕೆನೆಮೊಸರು. ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಆ ಮನೆಯ ಮುಂದೆ ಹಾದುಹೋಗುತ್ತಿದ್ದರೇ ಹೊರತು ದೊಡ್ಡವ್ವನನ್ನು ಕರೆಯಲು ಒಳಗೆ ಬರುತ್ತಿರಲಿಲ್ಲ. ಅದರ ಬಗ್ಗೆ ಅವಳು ಒಂದು ದಿನವೂ ಮಾತು ಆಡಿದವಳಲ್ಲ.

ನನಗೆ ಮಾತ್ರ ತಾಲೀಮು ನಿಷಿದ್ಧ. ಮೊದಮೊದಲು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ನನಗೆ ಹನ್ನೊಂದಾದಾಗ ದೊಡ್ಡವ್ವನ ಕಣ್ಣು ಮಂಜಾಯಿತು, ಪುಸ್ತಕ ಹಿಡಿದು ಮಾತು ಎತ್ತಿಕೊಡುವವರು ಬೇಕಾದರು. ಅವಳು "ಓದೂದು ಸಾಲಿ ಕಲಿತಂಗ ಆತು, ನಾಟಕ ಆಗೂದಿಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಪುಸ್ತಕ ನನ್ನ ಕೈಗಿಟ್ಟಳು. ಅಲ್ಲಿಂದ ಏಳು ವರ್ಷ ನಾನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಬೇರೆಯವರ ಮಾತನ್ನು ಕಾದೆ. ಯಾರು ಎಲ್ಲಿ ತಡವರಿಸುತ್ತಾರೆ, ತಡವರಿಸುವ ಮೊದಲು ಅವರ ಕಣ್ಣು ಹೇಗೆ ಅಲುಗುತ್ತದೆ, ಎಲ್ಲ ನನಗೆ ಗೊತ್ತಾಗುತ್ತಿತ್ತು. ಎಲ್ಲರಿಗಿಂತ ಜಾಣೆ ಸವಣೂರಿನ ರೇಣುಕಾ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳಿಗೆ ನಾನು ಎತ್ತಿಕೊಡುವ ಅಗತ್ಯವೇ ಬೀಳುತ್ತಿರಲಿಲ್ಲ. ಅವಳನ್ನು ನೋಡುತ್ತ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಪ್ರೀತಿಯೂ ಆಗುತ್ತಿತ್ತು.

ನನಗೆ ಹದಿನೈದಿದ್ದಾಗ ಶಿಗ್ಗಾವಿಯಲ್ಲಿ ಶಾಲೆಯ ಕೋಣೆ ಕಟ್ಟಿಸಲು ಊರವರೇ ಒಂದು ನಾಟಕ ಆಡುವುದೆಂದಾಯಿತು. ಹದಿನಾರು ವರ್ಷದ ಮಗಳ ಪಾತ್ರ ರೇಣುಕಾಗೆ, ತಾಯಿಯದು ದೊಡ್ಡವ್ವಗೆ. ನಾಟಕಕ್ಕೆ ನಾಲ್ಕು ದಿನ ಉಳಿದಿದ್ದಾಗ ರೇಣುಕಾಗೆ ಕಾಮಾಲೆಯಾಯಿತು. ಕಣ್ಣು ಅರಿಶಿನದಂತಾಗಿ ಅವಳು ಹಾಸಿಗೆ ಹಿಡಿದಳು. ಬೇರೆ ಹುಡುಗಿಯರಾರಿಗೂ ಆ ಪಾತ್ರದ ಮಾತು ಬಾಯಿಪಾಠವಿರಲಿಲ್ಲ. ಇಮಾಮಸಾಬರು ನನ್ನ ಕಡೆ ನೋಡಿದರು. ನಾನು ದೊಡ್ಡವ್ವನ ಕಡೆ ನೋಡಿದೆ. ಅವಳು ಒಳಗೆ ಹೋಗಿ ಒಗೆದ ಸೀರೆ ಉಟ್ಟುಬಂದು, ನನ್ನನ್ನು ಕರೆದುಕೊಂಡು ಹಿರೇಕೆರೂರಿನ ಬಸ್ಸು ಹತ್ತಿದಳು.

ಅಪ್ಪನ ಅಂಗಡಿಯ ಮುಂದೆ ಹತ್ತಿ ತುಂಬಿದ ಅಂಡಿಗೆಗಳನ್ನು ಇಳಿಸುತ್ತಿದ್ದರು. ಗಾಳಿಯಲ್ಲೆಲ್ಲ ಅರಳೆಯ ಎಳೆ. ಅಪ್ಪ ತಲೆ ಎತ್ತಿ ನೋಡಿ, "ಒಳಗ ಬರ್ರಿ ನೀಲಕ್ಕ," ಅಂದ. ದೊಡ್ಡವ್ವ ಕಟ್ಟೆ ಹತ್ತಲಿಲ್ಲ.

"ಇಲ್ಲೇ ಹೇಳ್ತೇನ್ರಿ ಸಾವಕಾರ್ರ. ನೀವು ಬ್ಯಾಡ ಅಂದ್ರ ಇಲ್ಲಿಂದ ತಿರುಗಿ ಹೋಗೂದು ಸಸಾರ. ಶಿಗ್ಗಾವಿಯೊಳಗ ನಾಟಕ ಐತಿ, ನಮ್ಮ ಹುಡುಗಿಗೆ ಕಾಮಾಲಿ ಆಗೇತಿ. ಸಾವಿತ್ರಿಗೆ ಮಾತೆಲ್ಲಾ ಬಾಯಿಪಾಠ ಅದಾವು. ಒಂದ ಸಂಜಿಗೆ ಹೂಂ ಅನ್ರಿ."

"ಕಲಿಸಬ್ಯಾಡ್ರಿ ಅಂದಿದ್ದೆ ನಾನು."

"ಕಲಿಸಿಲ್ರಿ. ಪುಸ್ತಕ ಹಿಡಿಯಾಕ ಕೊಟ್ಟಿದ್ದೆ. ಅದು ನನ್ನ ತಪ್ಪು."

ಹಮಾಲರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅಪ್ಪನ ಮುಖ ಕೆಂಪಾಯಿತು. "ಆಗೂದಿಲ್ಲ ನೀಲಕ್ಕ. ನಾಳೆ ಈಕೀನ ಕೇಳಾಕ ಬಂದ ಮಂದಿಗೆ ನಾ ಏನಂತ ಹೇಳ್ಲಿ?"

ದೊಡ್ಡವ್ವ "ಆತ್ರಿ" ಅಂದಳು, ಅಷ್ಟೇ. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅತ್ತೆ. "ಬಣ್ಣ ಹಚ್ಚಿದ್ರ ನನ್ನ ಗುರ್ತ ಯಾರಿಗೂ ಸಿಗೂದಿಲ್ಲ ದೊಡ್ಡವ್ವ. ಅಪ್ಪಗ ಗೊತ್ತಾಗೂದ ಇಲ್ಲ," ಅಂದೆ. ಅವಳು ಕಿಟಕಿಯಾಚೆಗಿನ ಗೋವಿನಜೋಳದ ಹೊಲ ನೋಡುತ್ತ, "ನನಗ ಗೊತ್ತಿರತೈತಲ್ಲವಾ," ಅಂದಳು.

ಶಿಗ್ಗಾವಿಯಲ್ಲಿ ಆ ಹದಿನಾರರ ಹುಡುಗಿಯ ಪಾತ್ರವನ್ನು ಐವತ್ತೆರಡು ವರ್ಷದ ದೊಡ್ಡವ್ವನೇ ಮಾಡಿದಳು. ತಾಯಿಯ ಪಾತ್ರಕ್ಕೆ ಊರಿನ ಗಂಡಸೊಬ್ಬರಿಗೆ ಸೀರೆ ಉಡಿಸಿದ್ದರು. ದೀಪ ಹಚ್ಚುವ ಹೊತ್ತಿಗೆ ಶಾಲೆಯ ಬಯಲಿನಲ್ಲಿ ನಾಟಕ ಶುರುವಾಯಿತು. ಎರಡು ಜಡೆ, ಲಂಗ, ದಾವಣಿ. ಅವಳು ಬಂದದ್ದೇ ತಡ, ಮುಂದಿನ ಸಾಲಿನಲ್ಲಿ ಸಿಳ್ಳೆ ಎದ್ದಿತು. "ಅಜ್ಜಿ ಬಂದ್ಲಪೋ!" ಎಂದು ಯಾರೋ ಕೂಗಿದರು, ಬಯಲೆಲ್ಲ ನಕ್ಕಿತು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದಿದ್ದ ನಾನು ಅವಳ ಮುಂದಿನ ಮಾತಿನ ಮೇಲೆ ಬೆರಳಿಟ್ಟೆ. ಅವಳು ನಗುವವರ ಕಡೆ ನೋಡಲೂ ಇಲ್ಲ, ದನಿ ಏರಿಸಲೂ ಇಲ್ಲ. ಎರಡನೆಯ ಅಂಕದಲ್ಲಿ ತಂದೆ ಮಗಳಿಗೆ ಅವಳ ಮದುವೆ ಮುರಿದ ಸುದ್ದಿ ಹೇಳುತ್ತಾನೆ. ಬಹಳ ಉದ್ದದ ಮಾತು ಅದು, ಎಲ್ಲ ತಂದೆಯದೇ, ಮಗಳಿಗೆ ಒಂದಕ್ಷರವೂ ಇಲ್ಲ. ದೊಡ್ಡವ್ವ ಕೈಯಲ್ಲಿ ಅರ್ಧ ಕಟ್ಟಿದ ಹೂಮಾಲೆ ಹಿಡಿದು ಕೇಳುತ್ತ ನಿಂತಳು. ಅವಳು ಏನೂ ಮಾಡಲಿಲ್ಲ. ಬೆರಳು ಮಾತ್ರ ಮಾಲೆ ಕಟ್ಟುವುದನ್ನು ಎಲ್ಲಿಗೆ ನಿಲ್ಲಿಸಿತ್ತೋ ಅಲ್ಲಿಯೇ ಉಳಿಯಿತು. ತಂದೆಯ ಮಾತು ಮುಗಿಯುವಷ್ಟರಲ್ಲಿ ಅವಳು ನಿಜಕ್ಕೂ ಹದಿನಾರರವಳಾಗಿದ್ದಳು. ಬಯಲಿನಲ್ಲಿ ಕೂಸುಗಳ ಅಳುವಿನ ಹೊರತು ಸದ್ದಿರಲಿಲ್ಲ. ಸಿಳ್ಳೆ ಹಾಕಿದ್ದ ಹುಡುಗರೇ ಆಮೇಲೆ ಬಂದು ಅವಳ ಕಾಲು ಮುಟ್ಟಿದರು. ಬಣ್ಣ ತೆಗೆಯುವಾಗ ಮೊಣಕಾಲು ನೀವಿಕೊಳ್ಳುತ್ತ, "ಲಂಗದಾಗ ಓಡೂದು ಈಗ ಆಗವಲ್ದು ಇಮಾಮಸಾಬ್ರ," ಎಂದು ನಕ್ಕಳು.

ಹದಿನೆಂಟಕ್ಕೆ ನಾನು ದೂರದ ಊರಿನ ರಂಗಶಿಕ್ಷಣದ ಶಾಲೆಯೊಂದಕ್ಕೆ ಅರ್ಜಿ ಹಾಕಿದೆ. ಕರೆ ಬಂತು. ಅಪ್ಪನಿಗೆ ನೀನೇ ಹೇಳು ಎಂದು ದೊಡ್ಡವ್ವನ ಬೆನ್ನು ಬಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಾ ಕೊಟ್ಟ ಮಾತು ನಾ ಉಳಿಸ್ಕೊಂಡೇನಿ. ನಿನ್ನ ಮಾತು ನೀನ ಹೋಗಿ ಆಡು," ಅಂದಳು. ಒಬ್ಬಳೇ ಹಿರೇಕೆರೂರಿಗೆ ಹೋಗಿ ಅಪ್ಪನ ಎದುರು ನಿಂತೆ. ಅವನು ಕೇಳಿದ್ದು ಒಂದೇ. "ನಿಮ್ಮ ದೊಡ್ಡವ್ವ ಕಳಿಸ್ಯಾಳೇನು?"

"ಇಲ್ಲಪ್ಪ. ಆಕಿ ನನಗ ಒಂದ ಮಾತೂ ಕಲಿಸಲಿಲ್ಲ. ಅದನ್ನ ಕಲೀಬೇಕಂತ ಹೊಂಟೇನಿ."

ಅಪ್ಪ ಅಂಗಿಗೆ ಅಂಟಿದ್ದ ಅರಳೆಯ ಎಳೆ ಕಿತ್ತುಹಾಕಿದ. "ಹೋಗು. ಅರ್ಧಕ್ಕ ಬಿಟ್ಟು ಬರಬ್ಯಾಡ ಮತ್ತ," ಅಂದ. ಆಮೇಲೆ ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ.

ಆ ಶಾಲೆಯಲ್ಲಿ ಉಸಿರು ಹೊಟ್ಟೆಯ ಬುಡದಿಂದ ಬರಬೇಕೆಂದು ಚಿತ್ರ ಬರೆದು ತೋರಿಸಿದಾಗ ನನಗೆ ಬಾವಿಕಟ್ಟೆ ಕಂಡಿತು. ಬೇರೆ ಪಾಠಗಳು ನಿಜಕ್ಕೂ ಹೊಸವು. ದೇಹ ಬಗ್ಗಿಸುವುದು, ಬೆಳಕು ಹುಡುಕಿ ನಿಲ್ಲುವುದು, ನಾಟಕವನ್ನು ಓದಿ ಪ್ರಶ್ನೆ ಕೇಳುವುದು. ಹತ್ತು ವರ್ಷ ರಂಗದ ಮೇಲೆ ಕಳೆದು, ಹೊಟ್ಟೆಪಾಡಿಗೆಂದು ಧಾರಾವಾಹಿಗೆ ಹೋದೆ. ಮೊದಲ ದಿನವೇ ನಿರ್ದೇಶಕರು, ನನಗಿಂತ ಚಿಕ್ಕವರು, "ಮೇಡಂ, ಇದು ನಾಟಕ ಅಲ್ಲ, ಸ್ವಲ್ಪ ಇಳಿಸಿ," ಅಂದರು. ಇಳಿಸಿದೆ. ಇನ್ನೂ ಇಳಿಸಿ ಅಂದರು. ಆ ಸಂಜೆ ಬಣ್ಣ ತೊಳೆಯುತ್ತ, ಬಾವಿಕಟ್ಟೆಯವರೆಗೆ ಕಳಿಸಲು ಕಲಿತ ದನಿಯನ್ನು ಈಗ ಮೊಳದುದ್ದ ಕಳಿಸುವುದು ಕಲಿಯಬೇಕಲ್ಲ ಎಂದು ಅತ್ತೆ. ಹದಿನೈದು ದಿನ ಹೀಗೇ ನಡೆಯಿತು, ನನ್ನನ್ನು ಬದಲಿಸುವ ಮಾತೂ ಕಿವಿಗೆ ಬಿತ್ತು. ಆಗೊಂದು ದೃಶ್ಯ ಬಂತು. ಮಗ ಮನೆ ಬಿಟ್ಟು ಹೋಗುತ್ತೇನೆಂದು ಹೇಳುತ್ತಾನೆ, ತಾಯಿಯಾದ ನಾನು ಸುಮ್ಮನೆ ಕೇಳಬೇಕು. ಕ್ಯಾಮರಾ ನನ್ನ ಮೇಲೇ ನಿಂತಿತು. ನಾನು ಅವನ ಮಾತು ಕಾದೆ, ಕಂಬಕ್ಕೆ ಒರಗಿ ಏಳು ವರ್ಷ ಕಾದ ಹಾಗೆ. ಮುಗಿದ ಮೇಲೆ ನಿರ್ದೇಶಕರು ಹತ್ತಿರ ಬಂದು, "ಕೇಳೋದನ್ನ ಎಲ್ಲಿ ಕಲಿತ್ರಿ ಮೇಡಂ?" ಅಂದರು. "ಹಾನಗಲ್ಲಿನಲ್ಲಿ," ಅಂದೆ.

ದೊಡ್ಡವ್ವ ವಾರವೆಲ್ಲ ಧಾರಾವಾಹಿ ನೋಡಿ ರವಿವಾರ ಮುಂಜಾನೆ ಫೋನು ಮಾಡುತ್ತಿದ್ದಳು. ಹೊಗಳಿಕೆ ಕಡಿಮೆ. "ಯಾಕ ನಿನ್ನ ದನಿ ಅಷ್ಟು ಸಣ್ಣ ಆಗೇತಿ? ಅಂಜಾಕತ್ತೀಯೇನು?" ಎಂದು ಶುರುಮಾಡುತ್ತಿದ್ದಳು. ಮಗ ಮನೆ ಬಿಟ್ಟುಹೋಗುವ ಆ ದೃಶ್ಯ ಬಂದ ವಾರ ಮಾತ್ರ, "ಸುಮ್ಮ ಕುಂತಿದ್ದಿ ನೋಡು, ಅದು ಛಲೋ ಇತ್ತು. ಇನ್ನೂ ಒಂದೀಟು ಸುಮ್ಮ ಕುಂದ್ರಬೇಕಿತ್ತು," ಅಂದಳು. ಒಮ್ಮೆ ಪತ್ರಿಕೆಯವರು ನಿಮ್ಮ ಗುರುಗಳು ಯಾರೆಂದು ಕೇಳಿದ್ದರು, ನಿನ್ನ ಹೆಸರು ಹೇಳಲೇ ಎಂದು ದೊಡ್ಡವ್ವನನ್ನು ಕೇಳಿದೆ. ಅಷ್ಟರಲ್ಲಿ ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. "ಬ್ಯಾಡವಾ. ಕಲಿಸೂದಿಲ್ಲ ಅಂತ ಮಾತು ಕೊಟ್ಟಾಕಿ ನಾನು. ಅವರು ಹೋದ್ರಂತ ಅದು ಹೋಗತೈತೇನು?" ಅಂದಳು.

ಇಮಾಮಸಾಬರು ಮೊದಲು ಹೋದರು, ಅವರ ಹಿಂದೆ ತಾಲೀಮೂ ನಿಂತಿತು. ರೇಣುಕಾ ಹಲವು ವರ್ಷ ಕಂಪನಿಗಳಲ್ಲಿ ನಾಯಕಿಯಾಗಿ ದುಡಿದು ಈಗ ಸವಣೂರಿನಲ್ಲಿದ್ದಾಳೆ. ಕೊನೆಯ ಎರಡು ವರ್ಷ ದೊಡ್ಡವ್ವನನ್ನು ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡವಳು ಅವಳೇ. ದೊಡ್ಡವ್ವ ಹೋದ ದಿನ ನಾನು ಚಿತ್ರೀಕರಣದಲ್ಲಿದ್ದೆ, ಮಣ್ಣು ಮಾಡುವ ಹೊತ್ತಿಗೂ ಮುಟ್ಟಲಿಲ್ಲ. ಮೂರನೆಯ ದಿನ ಹೋದಾಗ ರೇಣುಕಾ ನನ್ನ ಕೈ ಹಿಡಿದು, "ಶನಿವಾರದತನಕಾ ನಿನ್ನ ಧಾರಾವಾಹಿ ನೋಡ್ಯಾಳ. ಏನೋ ಹೇಳೂದೈತಿ, ನಾಳೆ ಫೋನ್ ಹಚ್ಚಿಕೊಡು ಅಂದಿದ್ಲು," ಅಂದಳು. ಏನೆಂದು ಅವಳಿಗೂ ಹೇಳಿರಲಿಲ್ಲ. ಹಾನಗಲ್ಲಿನ ಆ ಮನೆ ಕೆಡವಿ ಮಾಲಕರು ಪೈಪಿನ ಅಂಗಡಿ ಕಟ್ಟಿಸಿದ್ದಾರೆ, ಬಾವಿಯನ್ನೂ ಮುಚ್ಚಿಸಿದ್ದಾರೆ.

ಈಗಲೂ ರವಿವಾರ ಮುಂಜಾನೆ, ಅವಳ ಫೋನು ಬರುತ್ತಿದ್ದ ಹೊತ್ತಿಗೆ, ಚಹಾ ಇಟ್ಟುಕೊಂಡು ಕಿಟಕಿಯ ಹತ್ತಿರ ಕೂಡುತ್ತೇನೆ. ವಾರವೆಲ್ಲ ಸೆಟ್ಟಿನಲ್ಲಿ ನನ್ನ ದೃಶ್ಯ ಮುಗಿದ ಕೂಡಲೇ ಯಾರಾದರೂ "ಓಕೆ ಮೇಡಂ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಇಷ್ಟು ಸಾಕು ಎಂದು ಅದರ ಅರ್ಥ. ದೊಡ್ಡವ್ವನ ಬಾಯಲ್ಲಿ ಸಾಕು ಎಂಬ ಮಾತನ್ನು ನಾನು ಒಮ್ಮೆಯೂ ಕೇಳಿದವಳಲ್ಲ.